ಕ್ಷುಧಾ-ರುಚಿ-ವಿರೋಧ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ಹೇಳಿಬಿಡತಕ್ಕದ್ದೆಂಬುದು ನಮ್ಮ ಪ್ರಾಚೀನರ ಕಟ್ಟಳೆಯಾದುದರಿಂದ, ಆ ಕಟ್ಟಳೆಗೆ ತಲೆಬಾಗಿ ನಿವೇದಿಸುವುದೇನೆಂದರೆ: ಹೊಟ್ಟೆ ಹಸಿದಿರುವಾಗ ಬಾಯಿಗೆ ಏನೂ ಬೇಡವೆನಿಸುವ ಅವಸ್ಥೆಯೇ ಇಲ್ಲಿಯ ವಿಷಯ, ಆ ಅವಸ್ಥೆಯಿಂದ ರಾತ್ರಿಯ ಊಟದ ಹೊತ್ತಿಗೆ ಮುಂಚೆ ಪಾರಾಗುವುದು ಪ್ರಯೋಜನ, ಹೊಟ್ಟೆಗೂ ಬಾಯಿಗೂ ಇರುವುದು, ಅಥವಾ ಇದೆಯೆಂದು ನಾವು ನಂಬಿಕೊಂಡು ಬಂದಿರುವುದು, ಸಂಬಂಧ, ಇನ್ನು ಅಧಿಕಾರಿಗಳೆಂದರೆ, ಅಡಿಗೆಮನೆಯ ಡಬ್ಬಗಳ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ನೋಡಿ, ಒಂದೊಂದಾಗಿ ಮುಚ್ಚಿ, ಮೊದಲನೆಯ ಡಬ್ಬದಲ್ಲಿ ಈ ನಡುವೆ ಹೊಸದೇನಾದರೂ ಹುಟ್ಟಿರಬಹುದೇ ಎಂಬ ಆಸೆಯಿಂದ ಅದನ್ನೇ ಮತ್ತೊಮ್ಮೆ ತೆಗೆದು ನೋಡುವ ಸಕಲ ಸಜ್ಜನರು.

ಇಂಥದೊಂದು ಅವಸ್ಥೆ ಇದೆಯೆಂಬುದನ್ನೇ ಪೂರ್ವಪಕ್ಷದವರು ಒಪ್ಪುವುದಿಲ್ಲ. ಹಸಿವಿಗೆ ರುಚಿಯ ಗೊಡವೆಯಿಲ್ಲ, ನಿದ್ದೆಗೆ ಹಾಸಿಗೆಯ ಗೊಡವೆಯಿಲ್ಲ ಎಂಬುದು ಅವರ ಆಧಾರವಾಕ್ಯ. ಎರಡು ಹೊತ್ತು ಉಪವಾಸ ಕೆಡವಿದರೆ ಎಲ್ಲವೂ ಸರಿಹೋಗುವುದೆಂಬುದು ಅವರ ಚಿಕಿತ್ಸೆ. ಈ ಪಕ್ಷವನ್ನು ಹಿಡಿದವರಲ್ಲಿ ಹೆಚ್ಚಿನವರು ಅಜ್ಜಿಯಂದಿರಾದುದರಿಂದ ವಿನಯದಿಂದಲೇ ಉತ್ತರ ಹೇಳಬೇಕಾಗಿದೆ. ಅನ್ನವಿಲ್ಲದವನ ಹಸಿವು ಬೇರೆ, ಅದಕ್ಕೆ ಶಾಸ್ತ್ರ ಬೇಕಿಲ್ಲ, ಅನ್ನ ಬೇಕು. ಡಬ್ಬಗಳು ತುಂಬಿರುವುದೇ ನಮ್ಮ ವ್ಯಾಧಿಯ ಪೂರ್ವಲಕ್ಷಣ. ಇನ್ನು ತರ್ಕದ ದೃಷ್ಟಿಯಿಂದ ನೋಡುವುದಾದರೆ, ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ. ಬೇಸಿಗೆಯಲ್ಲಿ ಚಾಮುಂಡಿಬೆಟ್ಟದ ಒಣಹುಲ್ಲು ಹತ್ತಿಕೊಳ್ಳುವುದನ್ನು ಕಂಡ ಮೈಸೂರಿನವರಿಗೆ ಅದನ್ನು ಗುರುಮುಖದಿಂದ ಕಲಿಯುವ ಅಗತ್ಯವೂ ಇಲ್ಲ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಕಾದ ಕಬ್ಬಿಣದ ಗುಂಡನ್ನು ತಾರ್ಕಿಕರೇ ನಿದರ್ಶನವಾಗಿ ಕೊಡುತ್ತಾರೆ. ಜಠರದಲ್ಲಿ ಅಗ್ನಿ ಪ್ರಜ್ವಲಿಸುತ್ತಿದ್ದು ಒಲೆಯಲ್ಲಿ ಹೊಗೆಯೇಳಿಸಲು ಮನಸ್ಸಿಲ್ಲದ, ಸಂಜೆ ನಾಲ್ಕೂವರೆಯ ಗೃಹಸ್ಥನು ಅಂಥ ಗುಂಡೆಂದು ತಿಳಿಯತಕ್ಕದ್ದು.

ಆಯುರ್ವೇದಜ್ಞರು ಈ ಸೀಮೆಯಲ್ಲಿ ಬಹು ಹಿಂದೆಯೇ ಬೇಲಿ ಹಾಕಿಟ್ಟಿದ್ದಾರೆ. ಬಾಯಿಗಿಟ್ಟ ಅನ್ನ ರುಚಿಸದಿದ್ದರೆ ಅರೋಚಕ. ಅನ್ನವನ್ನು ನೆನೆದರೂ ಕಂಡರೂ ಹೇಸಿಕೆ ಹುಟ್ಟಿದರೆ ಭಕ್ತದ್ವೇಷ. ಕೋಪಭಯಾದಿಗಳಿಂದ ಅನ್ನದ ಇಚ್ಛೆಯೇ ಅಡಗಿದರೆ ಅಭಕ್ತಚ್ಛಂದ. ಅರೋಚಕದಲ್ಲಿಯೇ ಐದು ಬಗೆ: ವಾತ, ಪಿತ್ತ, ಕಫಗಳಿಂದ ಒಂದೊಂದು, ಮೂರೂ ಕೂಡಿ ಒಂದು, ಮನಸ್ಸಿನಿಂದ ಹುಟ್ಟುವುದು ಐದನೆಯದು. ನಮ್ಮ ಗೃಹಸ್ಥನಾದರೋ ಈ ಯಾವ ಕೋಣೆಯಲ್ಲಿಯೂ ಕೂಡ್ರುವವನಲ್ಲ. ಅವನು ಇನ್ನೂ ಏನನ್ನೂ ಬಾಯಿಗಿಟ್ಟಿಲ್ಲವಾದುದರಿಂದ ಇದು ಅರೋಚಕವಲ್ಲ. ತಟ್ಟೆಯಲ್ಲಿ ಎದುರಿಗೆ ಬಂದರೆ ತಿಂದಾನಾದುದರಿಂದ ದ್ವೇಷವಲ್ಲ. ತಿನ್ನಬೇಕೆಂದೇ ಎದ್ದು ಬಂದಿರುವುದರಿಂದ ಇಚ್ಛೆಯಿಲ್ಲವೆಂದೂ ಹೇಳಬರುವಂತಿಲ್ಲ. ಆದಕಾರಣ ಇದನ್ನು ನಾಲ್ಕನೆಯ ವ್ಯಾಧಿಯೆಂದು ಎಣಿಸಿ ‘ಡಬ್ಬಾವಲೋಕನಜನ್ಯ’ವೆಂದು ಹೆಸರಿಡಲು ವಿದ್ವಾಂಸರ ಅನುಮತಿಯನ್ನು ಬೇಡುತ್ತೇನೆ, ಡಬ್ಬ ಸಂಸ್ಕೃತವಲ್ಲವೆಂದು ಆಕ್ಷೇಪಿಸುವವರು ರೋಗವೂ ವೇದಕಾಲದ್ದಲ್ಲವೆಂಬುದನ್ನು ಗಮನಿಸಲಿ. (ವಾರಗಟ್ಟಲೆ ಊಟ ಸೇರದೆ ಮೈ ಇಳಿಯುತ್ತ ಬಂದರೆ ಅದು ಪ್ರಬಂಧಕ್ಕೆ ವಸ್ತುವಲ್ಲ, ಅಂಥವರು ಈ ಹಾಳೆಯನ್ನು ಮಡಿಸಿಟ್ಟು ವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು.)

ಪಾಶ್ಚಾತ್ಯರ ಪರಿಶ್ರಮವೂ ಇಲ್ಲಿ ಸ್ಮರಣೀಯ. 1912ರಲ್ಲಿ ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ನರು ವಾಷ್‌ಬರ್ನ್ ಎಂಬ ಜೊತೆಗಾರನಿಗೆ ರಬ್ಬರಿನ ಬುಗ್ಗೆಯೊಂದನ್ನು ನುಂಗಿಸಿ, ನಳಿಗೆಯ ಮೂಲಕ ಅದಕ್ಕೆ ಗಾಳಿಯೂದಿ, ಜಠರವು ಹಿಂಡಿಕೊಂಡ ಹೊತ್ತಿಗೂ ಹಸಿವಿನ ಸಂಕಟ ತಲೆದೋರಿದ ಹೊತ್ತಿಗೂ ತಾಳೆ ಬೀಳುವುದನ್ನು ಗುರುತಿಸಿದರು. ಬೇರೇನೂ ಬೇಡವೆಂದು ಬುಗ್ಗೆಯನ್ನೇ ನುಂಗಿದ ಆ ಮಹಾನುಭಾವನನ್ನು ನಮ್ಮ ಸಂಪ್ರದಾಯದ ಮೂಲಪುರುಷನೆಂದು ಗೌರವಿಸುವುದರಲ್ಲಿ ತಪ್ಪೇನೂ ಕಾಣೆ. ಆಮೇಲೆ 1999ರಲ್ಲಿ ಜಪಾನಿನ ಕೊಜಿಮ, ಕಂಗಾವ ಎಂಬವರು ಜಠರದಲ್ಲಿಯೇ ಒಸರುವ ಗ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಹೊಟ್ಟೆ ಬರಿದಾದಾಗ ಈ ರಸವು ಏರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ವಿಪರ್ಯಾಸವೆಂದರೆ ಅದು ಸರಕಾರಿ ಕಚೇರಿಯಂತೆ ನೋಟೀಸನ್ನಷ್ಟೇ ಜಾರಿಮಾಡುತ್ತದೆ, ಊಟದ ಪಟ್ಟಿಯನ್ನು ಲಗತ್ತಿಸುವುದಿಲ್ಲ. ಪಟ್ಟಿಯ ಅಧಿಕಾರವೆಲ್ಲ ನಾಲಗೆಯದು, ಮೂಗಿನದು, ಮನಸ್ಸಿನದು. ಮತ್ತು ಅವುಗಳ ನಡತೆಯೇ ಬೇರೆ. ಒಂದೇ ತಿನಿಸನ್ನು ತಿನ್ನುತ್ತ ಹೋದಂತೆ ಆ ತಿನಿಸಿನ ಸೊಗಸು ಮಾತ್ರ ಕುಗ್ಗಿ, ಇನ್ನೂ ಮುಟ್ಟದ ತಿನಿಸುಗಳ ಸೊಗಸು ಹಾಗೆಯೇ ಉಳಿಯುವುದೆಂದು 1981ರಲ್ಲಿ ಬಾರ್ಬರಾ ರೋಲ್ಸ್ ಮೊದಲಾದವರು ಪ್ರಯೋಗಗಳಿಂದ ತೋರಿಸಿದರು. ಮದುವೆಮನೆಯಲ್ಲಿ ಎರಡನೆಯ ಸಾರಿನನ್ನಕ್ಕೆ ಎಲೆಯ ಮೇಲೆ ಕೈಯಡ್ಡ ಹಿಡಿದ ಮಹನೀಯರು ಮೈಸೂರುಪಾಕು ಬಂದಾಗ ಆ ಕೈಯನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಕಂಡವರಿಗೆ ಈ ಸಿದ್ಧಾಂತ ಹೊಸತಲ್ಲ.

ಮೈಸೂರುಪಾಕಿನ ಹೆಸರೆತ್ತಿದ ಮೇಲೆ ಊರಿನ ಮಾತನ್ನು ಹೇಳದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಈ ಸೀಮೆಯ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿ ಬದನೆಕಾಯಿಯ ಪಾಕಗಳನ್ನು ವಿಸ್ತಾರವಾಗಿ ನಿರೂಪಿಸಿದನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಗಳಿಂದ ಊರಿನ ಹೆಸರನ್ನೇ ಹೊತ್ತ ಪಾಕವನ್ನಿಳಿಸಿದರೆಂದು ಪ್ರತೀತಿಯಿದೆ. 1950ರಲ್ಲಿ ಚೆಲುವಾಂಬ ವಿಲಾಸವೆಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವು ನೆಲೆಗೊಂಡಿತು. ಆದರೆ ಮಾಡುವುದು ಹೇಗೆಂಬುದನ್ನು ಹೇಳುವುದಷ್ಟೇ ಪಾಕಶಾಸ್ತ್ರದ ಅಧಿಕಾರ. ಮಾಡಿದ್ದು ಬೇಡವಾದವನ ಗತಿ ಅದರ ಎಲ್ಲೆಯಿಂದ ಆಚೆಯದು. ನಮ್ಮ ವಿಷಯಕ್ಕೆ ನಿಜವಾಗಿ ಸಮೀಪವಾದುದು 1961ರಲ್ಲಿ ಇಲ್ಲಿಯೇ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯ. ಹಿಮಾಲಯದ ಠಾಣೆಗಳಲ್ಲಿ ಚಳಿಯ ದೆಸೆಯಿಂದ ಯೋಧನ ದೇಹ ಹೆಚ್ಚು ಆಹಾರವನ್ನು ಬೇಡುತ್ತದೆ, ಗಾಳಿ ತೆಳುವಾದ ದೆಸೆಯಿಂದ ಬಾಯಿ ಅದೇ ಆಹಾರವನ್ನು ಒಲ್ಲೆನೆನ್ನುತ್ತದೆ. ಅಂಥ ಎತ್ತರದ ಸೈನಿಕರಿಗೆ ಕೆಡದಂತೆಯೂ ಸೇರುವಂತೆಯೂ ಆಹಾರವನ್ನು ಸಿದ್ಧಪಡಿಸುವುದು ಆ ಸಂಸ್ಥೆ ಕೈಗೊಂಡಿದ್ದ ಕೆಲಸಗಳಲ್ಲೊಂದು. ಸೈನಿಕನಿಗೆ ಹಿಮವೂ ಉಂಟು, ಕಾರಣವೂ ಉಂಟು. ಅದೇ ಸ್ಥಿತಿಯನ್ನು ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದ ಅಗ್ರಹಾರದಲ್ಲಿ, ಫ್ಯಾನಿನ ಕೆಳಗೆ ಒರಗುಕುರ್ಚಿಯಲ್ಲಿ ಕುಳಿತು ಸಾಧಿಸುವುದು ಸಾಮಾನ್ಯರಿಂದಾಗುವ ಕಾರ್ಯವಲ್ಲ.

ಸಾಧಿಸಿದವರೊಬ್ಬರನ್ನು ನಾನು ಬಲ್ಲೆ. ಅವರು ನಿವೃತ್ತ ಉಪಾಧ್ಯಾಯರು. ಶಾಸ್ತ್ರದ ಮರ್ಯಾದೆಗಾಗಿ ಅವರನ್ನು ‘ದೃಷ್ಟಾಂತಪುರುಷ’ರೆಂದು ಕರೆಯುತ್ತೇನೆ. ಅವರ ಮನೆಯ ನಡುಮನೆಯಲ್ಲಿ ನಾನು ಸ್ವತಃ ಕೇಳಿದ ಸಂವಾದ ಇದು:

“ತಿಂಡಿಗೆ ಏನು ಮಾಡಲಿ ಹೇಳಿ.”

“ಏನಾದರೂ ಮಾಡೇ.”

“ಉಪ್ಪಿಟ್ಟು ಕೆದಕಲೆ?”

“ಮೊನ್ನೆ ತಾನೆ ಅದೇ ಅಲ್ಲವೆ?”

“ಗೊಜ್ಜವಲಕ್ಕಿ?”

“ಗಂಟಲಲ್ಲಿ ಇಳಿಯೋಲ್ಲ.”

“ಅಕ್ಕಿರೊಟ್ಟಿ ತಟ್ಟುತ್ತೀನಿ ಹಾಗಾದರೆ.”

“ಇಷ್ಟು ಹೊತ್ತಿನಲ್ಲಿ ಯಾಕೆ ಅಷ್ಟು ಶ್ರಮ?”

“ಸರಿ, ಏನೂ ಬೇಡ ತಾನೆ?”

“ಹಸಿವಾಗ್ತಿದೆ ಅಂತ ಆಗಿನಿಂದ ಹೇಳ್ತಿದ್ದೀನಲ್ಲ!”

ಇದಾದ ಮೇಲೆ ಅವರು ಮೇಲುವಸ್ತ್ರವನ್ನು ಹೆಗಲಿಗೆಸೆದು, ನನ್ನನ್ನೂ ಕರೆದುಕೊಂಡು, ಚಿಕ್ಕಗಡಿಯಾರದ ಕಡೆಯ ಹೋಟೆಲೊಂದಕ್ಕೆ ಹೊರಟರು. ಒದ್ದೆ ಬಟ್ಟೆಯಿಂದ ಮೇಜನ್ನು ಒರಸುತ್ತಲೇ ಮಾಣಿಯು ಇಡ್ಲಿ, ವಡೆ, ಖಾಲಿದೋಸೆ, ಸೆಟ್‌ದೋಸೆ, ಮಸಾಲೆ, ರವಾಮಸಾಲೆ, ಈರುಳ್ಳಿ ದೋಸೆ, ಪೂರಿಸಾಗು, ಖಾರಾಬಾತು, ಕೇಸರೀಬಾತು, ಬೋಂಡ ಎಂದು ಎಲ್ಲಿಯೂ ಉಸಿರು ಬಿಡದೆ, ಘನಪಾಠಿಗಳೂ ತಲೆದೂಗುವಂತೆ ಪಾರಾಯಣ ಮಾಡಿದನು. ದೃಷ್ಟಾಂತಪುರುಷರು ಕಣ್ಣುಮುಚ್ಚಿ ಎಲ್ಲವನ್ನೂ ಆಲಿಸಿ, ಮತ್ತೊಮ್ಮೆ ಹೇಳಿಸಿ, ದೀರ್ಘವಾಗಿ ಆಲೋಚಿಸಿ, “ಒಂದರ್ಧ ಕಾಫಿ ಕೊಡಪ್ಪ” ಎಂದರು. ಮನೆಗೆ ಮರಳಿದ ಮೇಲೆ ಮೊಮ್ಮಗನು ಮೊಬೈಲನ್ನು ಮುಂದೆ ಹಿಡಿದು, ನಗರದ ಸಮಸ್ತ ಭೋಜನಾಲಯಗಳನ್ನೂ ಅಂಗೈಯಗಲದ ಫಲಕದಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳಿ ತಳ್ಳಿ ತೋರಿಸಿದನು. ಬಣ್ಣಬಣ್ಣದ ಆ ಚಿತ್ರಗಳ ಕೊನೆಯನ್ನು ಇದುವರೆಗೆ ಯಾರೂ ಮುಟ್ಟಿಲ್ಲವೆಂದು ಕಾಣುತ್ತದೆ, ಅವರೂ ಮುಟ್ಟಲಿಲ್ಲ.

ಈಗ ಸಿದ್ಧಾಂತ. ರುಚಿಯೆಂಬುದು ನಾಲಗೆಗೆ ಅನುಭವವೇ ಹೊರತು ಭವಿಷ್ಯಜ್ಞಾನವಲ್ಲ. ಏನು ಬೇಕೆಂದು ಮೊದಲೇ ಕೇಳಿದರೆ ಉತ್ತರಿಸುವುದು ನಾಲಗೆಯಲ್ಲ, ಮನಸ್ಸು. ಮನಸ್ಸಾದರೋ ಉತ್ತರ ಹೇಳುವುದಕ್ಕಾಗಿ ಪ್ರತಿಯೊಂದು ತಿನಿಸನ್ನೂ ಒಳಗೊಳಗೇ ತಿಂದು ನೋಡುತ್ತದೆ. 2010ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಬಗೆಯ ಮಿಠಾಯಿಯನ್ನು ಒಂದೊಂದಾಗಿ ಮೂವತ್ತು ಬಾರಿ ತಿಂದಂತೆ ಕಲ್ಪಿಸಿಕೊಂಡವರು, ಮೂರೇ ಬಾರಿ ಕಲ್ಪಿಸಿಕೊಂಡವರಿಗಿಂತ, ಅದೇ ಮಿಠಾಯಿ ಎದುರಿಗೆ ಬಂದಾಗ ಕಡಿಮೆ ತಿಂದರು. ಹಾಗಾದರೆ ಉಪ್ಪಿಟ್ಟಿನಿಂದ ಬೋಂಡದವರೆಗೆ ಎಲ್ಲವನ್ನೂ ಮಾನಸಭೋಜನದಲ್ಲಿ ಮುಗಿಸಿದವನ ಅವಸ್ಥೆ ಏನಾಗಬೇಕು? ಹೊಟ್ಟೆ ಬರಿದು, ಮನಸ್ಸು ಮಾತ್ರ ಕೈತೊಳೆದು ಎದ್ದಿರುತ್ತದೆ. ಇದಕ್ಕೆ ವ್ಯತಿರೇಕ ನಿದರ್ಶನವನ್ನು ಬೇಕೆನ್ನುವವರು ಪಂಕ್ತಿಭೋಜನವನ್ನು ನೋಡಲಿ. ಎಲೆಯ ತುದಿಗೆ ಉಪ್ಪು, ಅದರ ಪಕ್ಕಕ್ಕೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಆಮೇಲೆ ಅನ್ನ, ತೊವ್ವೆ, ಮೇಲೊಂದು ಮಿಳ್ಳೆ ತುಪ್ಪ. ಸಾರು, ಹುಳಿ, ಭಕ್ಷ್ಯ, ಮಜ್ಜಿಗೆ. ಅಲ್ಲಿ ಯಾರೂ ಯಾರನ್ನೂ ಏನು ಬೇಕೆಂದು ಕೇಳುವುದಿಲ್ಲ. ಬಡಿಸುವವನು ಬಗ್ಗಿಕೊಂಡು ಓಡುತ್ತಿರುತ್ತಾನೆ. ಆಲೋಚಿಸುವುದರೊಳಗೆ ಎಲೆಯ ಮೇಲೆ ಬಿದ್ದಿರುತ್ತದೆ. ನಮ್ಮ ದೃಷ್ಟಾಂತಪುರುಷರು ಬಂಧುಗಳ ಮನೆಯ ಉಪನಯನದಲ್ಲಿ ಹುಳಿಯನ್ನು ಮೂರು ಸಲ ಹಾಕಿಸಿಕೊಂಡುದಕ್ಕೆ ಪಕ್ಕದ ಎಲೆಯವನಾದ ನಾನೇ ಸಾಕ್ಷಿ.

ಪರಿಹಾರಗಳಲ್ಲಿ ಮೊದಲನೆಯದು, ಮುಚ್ಚಳಗಳನ್ನು ತೆಗೆಯದಿರುವುದು. ಊಟಕ್ಕೆ ಮುಂಚೆ ಉಪ್ಪು ಹಚ್ಚಿದ ಹಸಿಶುಂಠಿಯ ಚೂರನ್ನು ಅಗಿಯಬೇಕೆಂದು ವೈದ್ಯರು ಹೇಳಿರುವುದನ್ನು ಎಲ್ಲರೂ ಬಲ್ಲರು. ಇಂಗು, ಕರಿಬೇವುಗಳ ಒಗ್ಗರಣೆ ಹಾಕಿದ ನೀರುಮಜ್ಜಿಗೆಯೂ, ಲೋಟದಲ್ಲಿ ಹಾಗೆಯೇ ಕುಡಿಯುವ ಮೆಣಸಿನ ಸಾರೂ, ಮೊಸರನ್ನದ ಪಕ್ಕದಲ್ಲಿ ಕರಿದಿಟ್ಟ ಬಾಳಕದ ಮೆಣಸಿನಕಾಯಿಯೂ ಅದೇ ವರ್ಗದವು. ಹುಳಿ, ಉಪ್ಪು, ಖಾರ, ಗರಿಗರಿ. ಇವುಗಳಿಗೆ ನಾಲಗೆಯು ಮನಸ್ಸಿನ ಅಪ್ಪಣೆಯನ್ನು ಕಾಯದೆ ನೀರೂರಿಸುತ್ತದೆ. ಆದರೆ ಎಲ್ಲಕ್ಕಿಂತಲೂ ಶಾಸ್ತ್ರಶುದ್ಧವಾದ ಚಿಕಿತ್ಸೆ ನಮ್ಮ ಊರಿನ ಗಾಡಿಯ ಚುರುಮುರಿ. ಕಡಲೆಪುರಿಯನ್ನು ಪಾತ್ರೆಗೆ ಸುರಿದು, ತುರಿದ ಕ್ಯಾರೆಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ, ಒಂದು ಚಮಚ ಖಾರ, ಎರಡು ತೊಟ್ಟು ಎಣ್ಣೆ ಹಾಕಿ, ಅರ್ಧ ನಿಂಬೆಯ ಹೋಳನ್ನು ಬೀಜ ಬೀಳದಂತೆ ಬೆರಳಸಂದಿಯಲ್ಲಿ ಹಿಂಡಿ, ಸೌಟಿನಿಂದ ಪಾತ್ರೆಯ ಅಂಚಿಗೆ ಟಣಟಣ ಬಡಿಯುತ್ತ ಕಲಸುವಾಗ ಆ ಗಾಡಿಯವನು ಕೇಳುವುದು ಒಂದೇ ಪ್ರಶ್ನೆ: “ಖಾರ ಜಾಸ್ತಿನಾ, ಕಮ್ಮಿನಾ ಸಾರ್?” ಉತ್ತರಗಳು ಎರಡೇ ಇರುವ ಪ್ರಶ್ನೆ! ಕೊಂಚ ತಡಮಾಡಿದರೆ ಪುರಿ ಮೆತ್ತಗಾಗುವುದಾದುದರಿಂದ ಪೊಟ್ಟಣ ಕೈಗೆ ಬಂದ ಮೇಲೆ ವಿಮರ್ಶೆಗೂ ಅವಕಾಶವಿಲ್ಲ. ಇಷ್ಟು ದೊಡ್ಡ ಮನೋವಿಜ್ಞಾನವು ಕಾಗದದ ಪೊಟ್ಟಣದಲ್ಲಿ ಅಡಗಿರುವುದನ್ನು ಕಂಡರೆ ಗ್ರಂಥ ಬರೆಯುವವನಿಗೆ ಕೊಂಚ ನಾಚಿಕೆಯಾಗುವುದು ಸಹಜ.

ಈ ಸಿದ್ಧಾಂತವನ್ನು ದೃಷ್ಟಾಂತಪುರುಷರು ಬಹುವಾಗಿ ಮೆಚ್ಚಿ, ಮನೆಗೆ ಹೋಗಿ, “ಇನ್ನು ಮೇಲೆ ನನ್ನನ್ನು ಏನೂ ಕೇಳಬೇಡ, ಮಾಡಿ ತಂದಿಟ್ಟುಬಿಡು, ಶಾಸ್ತ್ರವೇ ಹಾಗೆ ಹೇಳುತ್ತದೆ” ಎಂದು ಧರ್ಮಪತ್ನಿಯವರಿಗೆ ಉಪದೇಶಿಸಿದರಂತೆ. ಆಕೆ ಕಾಯಿ ತುರಿಯುವುದನ್ನು ನಿಲ್ಲಿಸದೆ, “ಆಗಲಿ. ಮೂರು ಹೊತ್ತೂ ಏನು ಮಾಡಲೀಂತ ಯೋಚನೆ ಮಾಡಿ ಮಾಡಿ, ಒಲೆ ಮುಂದೆ ನಿಂತು ಒಗ್ಗರಣೆ ಘಾಟು ಕುಡಿದು, ನನಗೆ ಹಸಿವಾಗಿಯೂ ಏನೂ ಬೇಡ ಅನ್ನಿಸುತ್ತಲ್ಲ, ಆಗ ನನಗೆ ಕೇಳದೆ ತಂದಿಡೋರು ಯಾರು ಅಂತ ನಿಮ್ಮ ಶಾಸ್ತ್ರದಲ್ಲಿ ಬರೆದಿದೆಯೋ?” ಎಂದರಂತೆ. ಅಡಿಗೆ ಮಾಡಿದವರಿಗೆ ಊಟ ಸೇರದೆಂಬುದು ಲೋಕಪ್ರಸಿದ್ಧವಾಗಿದ್ದರೂ ಅದರ ಮಾತೆತ್ತದ, ಆಯುರ್ವೇದಜ್ಞರಿಂದ ಹಾರ್ವರ್ಡಿನವರೆಗೆ ನಾನು ಉದಾಹರಿಸಿದ ಆಚಾರ್ಯರೆಲ್ಲ ಬಡಿಸಿಕೊಂಡು ಉಂಡವರೇ ಇರಬೇಕೆಂಬ ಸಂದೇಹ ನನಗೂ ಹುಟ್ಟಿತು. ಮರುದಿನ ಸಂಜೆ ದೃಷ್ಟಾಂತಪುರುಷರು ಯಾರನ್ನೂ ಕೇಳದೆ ಅಡಿಗೆಮನೆಯನ್ನು ಹೊಕ್ಕು, ರವೆಯನ್ನು ಹುರಿಯದೆಯೇ ಕುದಿಯುವ ನೀರಿಗೆ ಸುರಿದು, ಗಂಟುಗಳನ್ನು ಸೌಟಿನ ಹಿಂಬದಿಯಿಂದ ಒಡೆಯಲು ಬಹಳ ಹೊತ್ತು ಹೋರಾಡಿ, ಉಪ್ಪಿಟ್ಟೆಂದು ಹೇಳಬಹುದಾದ ಒಂದು ಪದಾರ್ಥವನ್ನು ತಟ್ಟೆಯಲ್ಲಿ ಹಾಕಿ ಆಕೆಯ ಮುಂದೆ ಇಟ್ಟರು. ಆಕೆ ಉಪ್ಪು ಸಾಲದೆಂಬ ಒಂದು ಮಾತನ್ನಾಡಿ ಎರಡು ಸಲ ಹಾಕಿಸಿಕೊಂಡು ತಿಂದರು. ಇದು ಕೇಳದೆ ತಂದಿಟ್ಟುದರ ಫಲವೋ, ಅಂದು ಮಧ್ಯಾಹ್ನ ಆಕೆ ಊಟ ಮಾಡಿರಲಿಲ್ಲವೆಂಬುದರ ಫಲವೋ ಎಂಬುದು ಇನ್ನೂ ನಿರ್ಣಯವಾಗಬೇಕಾಗಿದೆ. ಪ್ರಯೋಗವನ್ನು ಪ್ರತಿದಿನವೂ ನಡೆಸಿ ನೋಡಿದಲ್ಲದೆ ಶಾಸ್ತ್ರವು ಸ್ಥಿರಪಡದೆಂದು ಆಕೆ ಒತ್ತಿ ಹೇಳುತ್ತಿದ್ದಾರೆ. ದೃಷ್ಟಾಂತಪುರುಷರು ಮಾತ್ರ ಒಂದು ದೃಷ್ಟಾಂತ ಧಾರಾಳವಾಗಿ ಸಾಕೆಂಬ ಮತದವರು.