ಹಿಟ್ಟು ಕೇಳಿದಷ್ಟು ನೀರು

ಹೊಸ ಕೆಲಸಕ್ಕೆ ಕೈ ಹಾಕಿದಾಗ ಮನಸ್ಸು ಹೇಳಿದ ಹಾಗೆ ಕೇಳು ಎಂದು ಉಪದೇಶ ಮಾಡುವವರಿಗೆ ನನ್ನ ಮನಸ್ಸಿನ ಪರಿಚಯವಿಲ್ಲ. ಅದಕ್ಕೆ ಬರುವುದು ಒಂದೇ ಮಾತು: "ಬರೋಬ್ಬರಿ ಐತಿ." ಸಂತೆಯಲ್ಲಿ ಹೋರಿ ನೋಡಿದಾಗಲೂ ಹಾಗೇ ಅಂದಿತ್ತು, ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಿದಾಗಲೂ ಹಾಗೇ. ಹೋರಿ ಹಾಯುತ್ತಿತ್ತು, ಬೋರ್‌ವೆಲ್ಲಿನಲ್ಲಿ ಧೂಳು ಬಂತು. ಮನಸ್ಸು ಮಾತ್ರ ಒಂದಿಷ್ಟೂ ಕುಗ್ಗಲಿಲ್ಲ.

ಈಚೆಗೆ ಹೆಂಡತಿಗೆ ಬಲಭುಜ ಹಿಡಿದುಕೊಂಡಿತು. ಕೆಲವು ದಿನ ರೊಟ್ಟಿ ಬಡಿಯಬಾರದು ಎಂದರು ಡಾಕ್ಟರು. ನಮ್ಮೂರು ತಿಮ್ಮಾಪುರದಲ್ಲಿ ಎಷ್ಟು ಅನ್ನ ಉಂಡರೂ, ರೊಟ್ಟಿ ತಿಂದಿಲ್ಲವೆಂದರೆ ಇನ್ನೂ ಊಟ ಆಗಿಲ್ಲವೆಂದೇ ಲೆಕ್ಕ. "ನಾ ಬಡೀತೀನಿ ಬಿಡು" ಎಂದೆ. ಬರೋಬ್ಬರಿ ಐತಿ ಎಂದಿತು ಮನಸ್ಸು. ಹೆಂಡತಿ ಏನೂ ಅನ್ನಲಿಲ್ಲ. ಅಕ್ಕಿ ಡಬ್ಬಿ ಮಾತ್ರ ಕೆಳಗಿಳಿಸಿ ಇಟ್ಟಳು.

ನನಗೆ ಅಳತೆ ಬೇಕು. ರನ್ನನಗರದ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರಿನವನು, ಕಬ್ಬು ಬೆಳೆಯುವವನು. ಕಬ್ಬಿನ ಬುಡದ ರಸ ಎರಡು ಹನಿ, ತುದಿಯ ರಸ ಎರಡು ಹನಿ ರಿಫ್ರಾಕ್ಟೋಮೀಟರಿನ ಗಾಜಿಗೆ ಬಿಟ್ಟು ಬೆಳಕಿಗೆ ಹಿಡಿದರೆ ಬ್ರಿಕ್ಸ್ ಕಾಣುತ್ತದೆ. ಎರಡೂ ಅಂಕಿ ಹತ್ತಿರ ಹತ್ತಿರ ಬಂದರೆ ಕಬ್ಬು ಕಡಿಯಬಹುದು. ಅಲ್ಲಿ ಮನಸ್ಸನ್ನು ಯಾರೂ ಕೇಳುವುದಿಲ್ಲ. ಅದೇ ಧಾಟಿಯಲ್ಲಿ ಅವ್ವನನ್ನು ಕೇಳಿದೆ.

"ಸೇರ ಹಿಟ್ಟಿಗೆ ನೀರೆಷ್ಟ?"

"ಹಿಟ್ಟ ಕೇಳಿದಷ್ಟ."

"ಎಷ್ಟೊತ್ತ ನಾದಬೇಕ?"

"ಕೈಗೆ ತಿಳೀತೈತಿ."

"ಹಂಚಿನ ಮ್ಯಾಲ ಹೊಳ್ಳಿ ಹಾಕೂದು ಯಾವಾಗ?"

"ಕಣ್ಣ ಅದಾವಿಲ್ಲೋ ನಿನಗ?"

ಪರಾತದ ಮುಂದೆ ಕೂತೆ. ಹಿಟ್ಟು ಏನೂ ಕೇಳಲಿಲ್ಲ. ಕೈಗೆ ತಿಳಿದದ್ದು ಎಸರು ಸುಡುತ್ತಿದೆ ಎಂಬುದೊಂದೇ. ಆದ್ದರಿಂದ ಆರಲು ಬಿಟ್ಟೆ. ಅಲ್ಲಿಗೆ ಕತೆ ಮುಗಿದಿತ್ತು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾದರೆ ಮಾತ್ರ ಜಿಗಿ ಬರುತ್ತದೆ. ಜಿಗಿ ಇಲ್ಲದ ಹಿಟ್ಟನ್ನು ಬಡಿದರೆ, ಬೇಸಿಗೆಯ ಎರೆಹೊಲದ ಹಾಗೆ ಬಿರಿಯುತ್ತದೆ. ಈ ವಿಜ್ಞಾನವನ್ನು ನಾನು ಆಮೇಲೆ ಓದಿಕೊಂಡು ಅವ್ವನಿಗೆ ವಿವರಿಸಿದೆ. "ಎಸರ ಆರಸಬ್ಯಾಡ ಅಂತ ಅದಕ್ಕ ಒದರಿದ್ನಿ" ಎಂದಳು.

ಬಿರಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಬಿಯಿಂದ ಸವರಿ, ನಿಂತುಕೊಂಡೆ. "ಅವ್ವಾ, ಆತು ಅಂತ ಮನಸ್ಸ ಹೇಳಾಕತ್ತೈತಿ" ಎಂದೆ.

"ಅದು ಮನಸ್ಸಲ್ಲೋ," ಎಂದಳು ಅವ್ವ, "ಹಸಿವಿ."

ಅಂದಿನಿಂದ ನನ್ನ ಮನಸ್ಸಿನ ಹಳೆಯ ಲೆಕ್ಕವನ್ನೆಲ್ಲ ತೆಗೆದು ನೋಡುತ್ತಿದ್ದೇನೆ. ಹೋರಿ ಕೊಂಡದ್ದು ಸಂತೆಯಲ್ಲಿ ಬಿಸಿಲೇರಿದ ಮೇಲೆ. ಬೋರ್‌ವೆಲ್ ಪಾಯಿಂಟ್ ಒಪ್ಪಿದ್ದು, ಬುತ್ತಿ ಬರುವುದು ತಡವಾದ ದಿನ.

ಹಾಗಂತ ಅನಿಸಿಕೆಯೇ ಸುಳ್ಳು ಎನ್ನಲಾರೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳಲ್ಲಿ ಪಾಕ ನೋಡುವವನನ್ನು ನೋಡಬೇಕು. ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿಗೆ ಬೆಲ್ಲದ ಪಾಕ ಬರುತ್ತದೆ ಎಂದು ಪುಸ್ತಕ ಹೇಳಿದರೆ, ಅವನು ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳಸ್ರಿ" ಎನ್ನುತ್ತಾನೆ. ಕೊಪ್ಪರಿಗೆಯಷ್ಟು ದುಡ್ಡು ಆ ಬೆರಳನ್ನು ನಂಬಿ ಇಳಿಯುತ್ತದೆ. ಅವನ ಅನಿಸಿಕೆಗೆ ಎಷ್ಟೋ ಹಂಗಾಮುಗಳ ಸುಟ್ಟ ಬೆರಳುಗಳ ಆಧಾರವಿದೆ. ನನ್ನ ಅನಿಸಿಕೆಗೆ ಆಧಾರ್ ಕಾರ್ಡೂ ಇಲ್ಲ.

ನನ್ನ ಮರ್ಯಾದೆ ಉಳಿಸಿದ್ದು ಮುಟಗಿ. ಮುರಿದ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಆಯಿತು. ರೊಟ್ಟಿ ಮೊದಲು ಯಾವ ಆಕಾರದಲ್ಲಿತ್ತು ಎಂದು ಯಾವ ಕೋರ್ಟಿನಲ್ಲೂ ಸಾಬೀತಾಗುವುದಿಲ್ಲ. ಈಗ ಹಿಟ್ಟಿಗೆ ಕೈ ಹಾಕುವ ಮುಂಚೆಯೇ "ಇವತ್ತ ಮುಟಗಿ" ಎಂದು ಸಾರಿಬಿಡುತ್ತೇನೆ. ಮಗಳು "ಅಪ್ಪನ ಮುಟಗಿ ಭಾಳ ಚಲೋ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಮೊನ್ನೆ ಪಕ್ಕದ ಮನೆಯವರು ಬಂದು, "ಕಾಕಾ, ಬೆಳ್ಳುಳ್ಳಿ ಎಷ್ಟ ಹಾಕ್ತೀರಿ?" ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ, "ಅದು ಕೈಗೆ ತಿಳೀತೈತ್ರಿ" ಎಂದೆ.

"ಅವನ್ನ ಏನ್ ಕೇಳ್ತೀರಿ?" ಎಂದು ಒಳಗಿನಿಂದ ಅವ್ವನ ದನಿ ಬಂತು. "ಇನ್ನಾ ಊಟ ಆಗಿಲ್ಲ ಅವಂದು."