ಶ್ರೀಮಾನ್ ಶೇಕಡಾ ಇಪ್ಪತ್ತೈದು ಅವರ ಸನ್ನಿಧಾನಕ್ಕೆ

ಮಹಾಸ್ವಾಮಿ,

ಇಲ್ಲಿ ನಾವು ಅರೆಕ್ಷೇಮ. ಡೊಮೇನ್ ಮಾರುಕಟ್ಟೆಯಲ್ಲಿ ತಾವು ದಿನೇ ದಿನೇ ಮೈಕೈ ತುಂಬಿಕೊಳ್ಳುತ್ತಿರುವ ಶುಭವಾರ್ತೆ ಒಂದೊಂದು ಮಾರಾಟದ ಬಿಲ್ಲಿನಲ್ಲೂ ತಲುಪುತ್ತಿದೆ.

ಕಮಿಷನ್ ಅಂದರೆ ಬೆಚ್ಚಿಬೀಳುವ ಊರಲ್ಲ ನಮ್ಮದು. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ. 40 ಕಮಿಷನ್ ಆರೋಪ ಮಾಡಿದಂದಿನಿಂದ ಬೆಂಗಳೂರಿನ ಕಿವಿಗಳು ಚೆನ್ನಾಗಿ ಪಳಗಿವೆ. ಆ ಲೆಕ್ಕದಲ್ಲಿ ತಾವು ಸಾಕ್ಷಾತ್ ಸಜ್ಜನರು. ಮೇಜಿನ ಕೆಳಗೆ ಕೈ ಚಾಚುವವರಲ್ಲ. ಷರತ್ತುಗಳ ಪುಟದಲ್ಲಿ ರಾಜಾರೋಷವಾಗಿ ಕೂತು, ನಮ್ಮ ಕೈಯಿಂದಲೇ ‘ಒಪ್ಪಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕಿಸಿಕೊಂಡವರು.

ನ್ಯಾಯ ಕೇಳಲು ಹೊರಟವನು ಮೊದಲು ತನ್ನ ಜಾತಕ ಬಿಚ್ಚಿಡಬೇಕಲ್ಲ. ನಾವು ಡೊಮೇನ್, ಅಂದರೆ ಜಾಲತಾಣದ ಹೆಸರುಗಳ, ವ್ಯಾಪಾರಿಗಳು. ಡಾಟ್ ಕಾಮ್ ಹೆಸರೊಂದಕ್ಕೆ ವೆರಿಸೈನ್ ಕಂಪನಿಯ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರ್‌ಗೆ ಏರಿತು. ಅಷ್ಟನ್ನೂ ಅದರ ಮೇಲೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಲಾಭವನ್ನೂ ಕಟ್ಟಿ ಹೆಸರು ಹಿಡಿದುಕೊಳ್ಳುತ್ತೇವೆ. ಆಮೇಲೆ ಕೈಕಟ್ಟಿ ಕೂರುತ್ತೇವೆ. ಯಾರೋ ಪುಣ್ಯಾತ್ಮ ಬಂದು ಕೇಳಿದರೆ ಎರಡು ಸಾವಿರ ಡಾಲರ್ ಅನ್ನುತ್ತೇವೆ. ಕಾರಣ ಕೇಳಿದರೆ ‘ಬ್ರ್ಯಾಂಡ್ ಮೌಲ್ಯ’ ಅನ್ನುತ್ತೇವೆ. ಬೆವರು ಹರಿಸದೆ ಬರುವ ಹಣದಲ್ಲಿ ಬೆವರು ಹರಿಸದ ಇನ್ನೊಬ್ಬರು ಪಾಲು ಕೇಳಿದಾಗ ‘ಶೋಷಣೆ!’ ಎಂದು ಕೂಗುವ ಧೈರ್ಯ ಲೋಕದಲ್ಲಿ ನಮಗೊಬ್ಬರಿಗೇ ಇರುವುದು.

ಆದರೂ ಒಂದು ಮಾತು. ಹತ್ತು ಹೆಸರು ಕೊಂಡರೆ ಒಂಬತ್ತನ್ನು ಯಾರೂ ಮೂಸಿ ನೋಡುವುದಿಲ್ಲ. ಆ ಒಂಬತ್ತರ ನವೀಕರಣ ಶುಲ್ಕ ವರ್ಷ ವರ್ಷ ನಮ್ಮದೇ ಜೇಬಿನಿಂದ ಹೋಗುತ್ತದೆ. ನಷ್ಟದಲ್ಲಿ ತಾವು ಪಾಲುದಾರರಲ್ಲ. ಮಾರಾಟವಾದ ಒಂದರ ಮುಂದೆ ಮಾತ್ರ ತಪ್ಪದೆ ಎಲೆ ಹಾಕಿಕೊಂಡು ಕೂರುತ್ತೀರಿ.

ತಮ್ಮ ಸೇವೆಯನ್ನು ಅಲ್ಲಗಳೆಯುವಷ್ಟು ಕೃತಘ್ನರೂ ನಾವಲ್ಲ. ಅಮೆರಿಕದಲ್ಲಿ ಒಬ್ಬ ಯಾವುದೋ ರಿಜಿಸ್ಟ್ರಾರ್ ತಾಣದಲ್ಲಿ ಹೆಸರು ಹುಡುಕುತ್ತಾನೆ. ‘ಸಿಗುವುದಿಲ್ಲ’ ಎಂದು ಬರಬೇಕಾದ ಜಾಗದಲ್ಲಿ ‘2,000 ಡಾಲರಿಗೆ ಸಿಗುತ್ತದೆ’ ಎಂದು ತೋರುತ್ತದೆ. ಅದು ತಮ್ಮ ಪಾಲುದಾರ ಜಾಲದ ಮಹಿಮೆ. ಅವನು ಹಣ ಕಟ್ಟುತ್ತಾನೆ, ತಾವು ಹಿಡಿದಿಟ್ಟುಕೊಳ್ಳುತ್ತೀರಿ, ಹೆಸರು ಅವನ ಖಾತೆಗೆ ಸೇರಿದ ಮೇಲೆ ನಮಗೆ ಬಿಡುತ್ತೀರಿ. ಕಂಡು ಕೇಳದ ಬೆಂಗಳೂರಿನವನೊಬ್ಬನ ಬ್ಯಾಂಕ್ ಖಾತೆಗೆ ಅವನು ನೇರವಾಗಿ ಎರಡು ಸಾವಿರ ಡಾಲರ್ ಕಳಿಸುತ್ತಿದ್ದನೇ? ಕನಸಿನಲ್ಲೂ ಇಲ್ಲ. ನಂಬಿಕೆ ಮಾರುವವರಿಗೆ ಕೂಲಿ ಸಲ್ಲಲೇಬೇಕು. ಮಾರಾಟವಾಗದಿದ್ದರೆ ಬಿಡಿಗಾಸು ಕೇಳುವುದಿಲ್ಲ ಎಂಬುದೂ ತಮ್ಮ ದೊಡ್ಡ ಗುಣವೇ.

ತಕರಾರು ಇರುವುದು ಕೂಲಿಯ ಲೆಕ್ಕದಲ್ಲಿ. ಗೋಡ್ಯಾಡಿ ಒಡೆತನದ ಡೊಮೇನ್ ಮಾರುಕಟ್ಟೆ ಆಫ್ಟರ್ನಿಕ್‌ನಲ್ಲಿ ತಾವು ನೆಲೆಸಿರುವ ಬಗೆ ನೋಡಿ. ಹೆಸರಿನ ಸೆಟ್ಟಿಂಗ್ ಪುಟದಲ್ಲಿ ನೇಮ್‌ಸರ್ವರ್ ಎಂದು ಎರಡು ಸಾಲು ಇರುತ್ತವೆ, ಹೆಸರು ತೆರೆದವರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವಂಥವು. ಅಲ್ಲಿ ಆಫ್ಟರ್ನಿಕ್ ವಿಳಾಸ ಬರೆದರೆ ಶೇ. 15. ಬರೆಯದಿದ್ದರೆ ತಾವು, ಅಂದರೆ ಶೇ. 25. ಗಿರಾಕಿಯನ್ನು ಯಾರು ಕರೆತಂದರು, ದಲ್ಲಾಳಿ ಎಷ್ಟು ಸಲ ಫೋನು ಮಾಡಿದ, ಇವು ಯಾವುವೂ ಈ ಎರಡು ದರಗಳ ಲೆಕ್ಕಕ್ಕಿಲ್ಲ. ಜಾಲವೆಲ್ಲ ಬೆವರಿ ಮಾರಿದ ಹೆಸರಿಗೂ ಆ ಎರಡು ಸಾಲು ಸರಿಯಿದ್ದರೆ 15. ನಾವೇ ವಾರಗಟ್ಟಲೆ ಇಮೇಲ್ ಬರೆದು ಒಪ್ಪಿಸಿ, ಸುರಕ್ಷಿತವಾಗಿ ಹಣ ಕಟ್ಟಲೆಂದು ತಮ್ಮ ಅಂಗಳದ ಮಾಮೂಲಿ ಮಾರಾಟ ಪುಟಕ್ಕೆ ಕಳಿಸಿದ ಗಿರಾಕಿಯ ಮೇಲೆ, ಆ ಸಾಲುಗಳು ಬೇರೆ ಕಡೆ ಮುಖ ಮಾಡಿದ್ದರೆ 25. ಎರಡು ಸಾವಿರದ ಹೆಸರಿನಲ್ಲಿ ಇದು 300 ಮತ್ತು 500ರ ಅಂತರ. ನಡುವಿನ 200 ಡಾಲರ್ ದುಡಿಮೆಯ ಬೆಲೆಯಲ್ಲ, ಭಕ್ತಿ ಸಾಲದ್ದಕ್ಕೆ ಹಾಕಿದ ದಂಡ.

ಇನ್ನು ದೊಡ್ಡ ಮೊತ್ತದ ಕಥೆ. ಹಿಂದೆ ಅದೇ ಅಂಗಡಿಯಲ್ಲಿ ಒಂದು ಮೆಟ್ಟಿಲ ಪದ್ಧತಿ ಇತ್ತು. ಮೊದಲ 5 ಸಾವಿರ ಡಾಲರಿಗೆ ಶೇ. 20, ಅಲ್ಲಿಂದ 25 ಸಾವಿರದವರೆಗೆ ಶೇ. 15, ಅದರಾಚೆಗೆ ಶೇ. 10. ಆ ಲೆಕ್ಕದಲ್ಲಿ 50 ಸಾವಿರದ ಹೆಸರಿಗೆ 6,500 ಡಾಲರ್ ಆಗುತ್ತಿತ್ತು. ಈಗ ಎರಡು ಸಾಲಿನ ಪರಮಭಕ್ತನೂ 7,500 ಕೊಡಬೇಕು, ನಾಸ್ತಿಕನಾದರೆ 12,500. ಐನೂರು ಡಾಲರಿನ ಹೆಸರಿರಲಿ, ಐವತ್ತು ಸಾವಿರದ್ದಿರಲಿ, ಬೀಗ ತೆಗೆಯುವ ಗುಂಡಿ ಒಂದೇ, ವರ್ಗಾವಣೆಯ ಸಂಕೇತಾಕ್ಷರವೂ ಒಂದೇ ಉದ್ದ. ತೂಕ ಹೆಚ್ಚಾಗಿ ಯಾವ ಸರ್ವರೂ ಸೊಂಟ ಉಳುಕಿಸಿಕೊಂಡ ವರದಿಯಿಲ್ಲ.

ತಮ್ಮ ದಾಯಾದಿ ಶ್ರೀ ಶೇಕಡಾ ಒಂಬತ್ತು ಅವರನ್ನೂ ಇಲ್ಲಿ ನೆನೆಯಬೇಕು. ನೆದರ್‌ಲ್ಯಾಂಡ್ಸ್‌ನ ಡಾನ್ ಡಾಟ್ ಕಾಮ್‌ನಲ್ಲಿ ಸಣ್ಣ ಸಂಸಾರ ಹೂಡಿ, ಕಂತಿನ ಮಾರಾಟವನ್ನೂ ನಡೆಸಿಕೊಂಡು, ಯಾರಿಗೂ ಹೊರೆಯಾಗದೆ ಬದುಕಿದ್ದರು. 2022ರಲ್ಲಿ ಗೋಡ್ಯಾಡಿ ಆ ಮನೆಯನ್ನು ಕೊಂಡಿತು. ಕಾಹಿಲೆ ಶುರುವಾಗಿ ದರ ಏರತೊಡಗಿತು. 2024ರಲ್ಲಿ ಮನೆಗೇ ಬೀಗ ಬಿದ್ದು, ಹೆಸರುಗಳ ಸಂಸಾರ ಆಫ್ಟರ್ನಿಕ್‌ಗೆ ಸಾಗಿತು. ಪೈಪೋಟಿ ಬದುಕಿದ್ದಾಗ ಕಮಿಷನ್ ಒಂಬತ್ತಕ್ಕೂ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು ಎಂಬುದಕ್ಕೆ ಆ ಮಹನೀಯರೇ ಸಾಕ್ಷಿ. ತಾವು ಇಪ್ಪತ್ತೈದಕ್ಕೆ ಬೆಳೆದಿದ್ದು ಕೆಲಸ ಹೆಚ್ಚಾಗಿಯೋ, ನೆರೆಹೊರೆ ಖಾಲಿಯಾಗಿಯೋ ಎಂದು ಯಾರಾದರೂ ಕೇಳಿದರೆ ನಾವು ಆಕಾಶ ನೋಡುತ್ತೇವೆ.

ಆದ್ದರಿಂದ ನಮ್ಮ ಅರ್ಜಿ ಇಷ್ಟೇ. ಗಿರಾಕಿಯನ್ನು ತಮ್ಮ ಜಾಲ ಹುಡುಕಿ ತಂದರೆ ಇಪ್ಪತ್ತು ತೆಗೆದುಕೊಳ್ಳಿ, ಬೇಕಿದ್ದರೆ ಮೇಲೊಂದು ಹಾರ ಹಾಕುತ್ತೇವೆ. ನಾವೇ ತಂದರೆ ಹಣ ಕಾಯ್ದ ಕೂಲಿಯನ್ನಷ್ಟೇ ಹಿಡಿದುಕೊಳ್ಳಿ. ಇದು ನಮ್ಮ ಹಗಲುಗನಸೇನಲ್ಲ. ಜರ್ಮನಿಯ ಕೊಲೋನ್‌ನ ಸೆಡೋ ಬಹುಕಾಲ ತನ್ನ ತಾಣದಲ್ಲೇ ಮಾರಿದ್ದಕ್ಕೆ 10 ಅಥವಾ 15, ಪಾಲುದಾರ ಜಾಲದ ಮೂಲಕ ಮಾರಿದ್ದಕ್ಕೆ 20 ಎಂದು ದರ ಹಾಕುತ್ತಿತ್ತು. ಅದರಿಂದ ರೈನ್ ನದಿಯೇನೂ ಬತ್ತಲಿಲ್ಲ. ದೊಡ್ಡ ಮೊತ್ತಕ್ಕೆ ಹಳೆಯ ಮೆಟ್ಟಿಲುಗಳನ್ನು ಮತ್ತೆ ಕಟ್ಟಿಸಿ, ಕಾಲು ನೋವೆಂದು ನಾವು ದೂರುವುದಿಲ್ಲ.

ಇಷ್ಟೂ ಆಗದೆಂದರೆ ಒಂದು ಕೊನೆಯ ಸಲಹೆ. ಮಾರಾಟದ ಕಾಲುಪಾಲು ಹಣ ತಮ್ಮದಾಗಿರುವಾಗ ಕಾಲುಪಾಲು ನವೀಕರಣವೂ ತಮ್ಮದಾಗಲಿ. ಮಾರದ ಹೆಸರುಗಳ ಪಟ್ಟಿ ನಮ್ಮ ಬಳಿ ಸಿದ್ಧವಿದೆ. ಅದರಲ್ಲಿ ‘ಬ್ರ್ಯಾಂಡ್ ಮೌಲ್ಯ’ ಎಷ್ಟಿದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಇತಿ ತಮ್ಮ ವಿಧೇಯ,
ಶೇಕಡಾ ಎಪ್ಪತ್ತೈದು
(ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಬ್ಯಾಂಕು ಮುರಿದುಕೊಂಡದ್ದನ್ನು ಕಳೆದು)