ಜಂಬೂವಿನ ಜಮಾಖರ್ಚು

ಬೆಳಿಗ್ಗೆ ಒಂಬತ್ತು ಗಂಟೆಗೆ ಇಲಿಬೋನು ಹಿಡಿದು ಬನ್ನಿಮಂಟಪದ ರಸ್ತೆಯಂಚಿನಲ್ಲಿ ನಿಂತ ಹೆಂಗಸಿಗೆ ಆಟೋ ಸಿಗುವುದು ಕಷ್ಟ, ಸಲಹೆ ಸಿಗುವುದು ಸಲೀಸು. "ಇಲ್ಲೇ ಬಿಟ್ಟುಬಿಟ್ಟೀರ ಮೇಡಂ, ನಮ್ಮ ಬೀದಿಗೇ ಬರುತ್ತೆ" ಎಂದು ಹಾಲಿನವನು ಗಾಬರಿಯಾದ. ಕೊನೆಗೂ ನಿಂತ ಒಬ್ಬ ಆಟೋದವನು ಬೋನಿನೊಳಗೆ ಇಣುಕಿ, "ರಿಂಗ್ ರೋಡ್ ದಾಟಿಸಿ ಬಿಡಿ. ಈಚೆಗೆ ಬಿಟ್ರೆ ನಿಮಗಿಂತ ಮುಂಚೆ ಮನೆ ಸೇರಿರುತ್ತೆ" ಎಂದ. ಬಿಡುವುದಕ್ಕಲ್ಲ, ಡಾಕ್ಟರಿಗೆ ತೋರಿಸುವುದಕ್ಕೆ ಅಂದೆ. ಅವನು ಮರುಮಾತಿಲ್ಲದೆ ಮೀಟರ್ ಹಾಕಿದ. ಕೇಳದೆಯೇ ಆಟೋದವನು ಮೀಟರ್ ಹಾಕಿದನೆಂದರೆ ಅವನಿಗೆ ನಮ್ಮ ಮೇಲೆ ಮರುಕ ಹುಟ್ಟಿದೆ ಎಂದೇ ತಿಳಿಯಬೇಕು.

ಬೋನಿನಲ್ಲಿ ಹಳೇ ಟವಲಿನ ಮೇಲೆ ಕೂತಿದ್ದವನು ಜಂಬೂ. ಬಿಳಿ ಮೈ, ಕೆಂಪು ಕಣ್ಣು, ತೂಕ 410 ಗ್ರಾಂ. ಮಗ ಪಿಯುಸಿಯಲ್ಲಿದ್ದಾಗ ಶೂ ಡಬ್ಬಿಯಲ್ಲಿ ತಂದದ್ದು. ಜಂಬೂ ಸವಾರಿ ಅರಮನೆಯಿಂದ ಹೊರಟು ಬಂದು ಸೇರುವುದು ನಮ್ಮ ಬನ್ನಿಮಂಟಪವನ್ನೇ ತಾನೇ, ಇವನೂ ಇಲ್ಲಿಗೇ ಬಂದು ಸೇರಿದ್ದಾನೆ ಎಂದು ಆ ಹೆಸರಿಟ್ಟ. ಆಮೇಲೆ ಇಂಜಿನಿಯರಿಂಗ್ ಅಂತ ಬೆಂಗಳೂರಿಗೆ ಹೊರಟುಹೋದ. ಮಕ್ಕಳು ಆಸೆಪಟ್ಟು ತಂದ ಪ್ರಾಣಿಗಳೆಲ್ಲ ಕಡೆಗೆ ತಾಯಂದಿರ ಹೆಸರಿಗೆ ಖಾತೆಯಾಗುತ್ತವೆ.

ನಮ್ಮ ಮಾವನವರಿಗೆ ಇಲಿ ಎಂದರೆ ಮೊದಲಿನಿಂದ ಆಗದು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದ ಕಾಲದ ಕಥೆಗಳನ್ನು ಅವರು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು. "ಇಲಿ ಬಿತ್ತು" ಎಂದು ಒಬ್ಬರು ಕೂಗಿದರೆ ಸಾಕು, ಪಾತ್ರೆಪಗಡ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕುತ್ತಿದ್ದರಂತೆ. ಆ ಮಾರಿಯ ಪೆಟ್ಟಿಗೇ ಅಲ್ಲವೆ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದದ್ದು, ಇಕ್ಕಟ್ಟು ಕೇರಿಗಳು ಹೋಗಿ ಅಗಲ ರಸ್ತೆಯ ಬಡಾವಣೆಗಳಾದದ್ದು. "ನಿಮ್ಮ ವಾಕಿಂಗಿಗೆ ಇಷ್ಟಗಲ ರಸ್ತೆ ಕೊಡಿಸಿದ್ದು ಇಲಿಗಳೇ" ಎಂದು ನಾನೊಮ್ಮೆ ವಾದ ಹೂಡಿದೆ. ಎರಡು ದಿನ ಮಾತು ಬಿಟ್ಟರು.

ಕಾಯಿಲೆ ಗೊತ್ತಾಗುವ ಮೊದಲು ನನಗೆ ಖುಷಿಯೇ ಆಗಿತ್ತು. ಗೂಡಿನ ವಾಸನೆ ಹೋಗಿತ್ತು. ನಾನು ಹೊಸ ಫಿನಾಯಿಲಿನ ಮಹಿಮೆ ಎಂದುಕೊಂಡೆ. ಡಾಕ್ಟರು ಉಚ್ಚೆಯಲ್ಲಿ ಕಾಗದದ ಪಟ್ಟಿ ಅದ್ದಿ ನೋಡಿ, "ವಾಸನೆ ಬರೋದಕ್ಕೆ ಅದರಲ್ಲಿ ಏನಿದೆ? ಬರೀ ನೀರು" ಎಂದರು. ನೀರಿನ ಜೊತೆ ಹೋಗಬೇಕಾದ ಕಸ ಒಳಗೇ ಉಳಿದಿದೆ, ಒಳಗಿರಬೇಕಾದ ಪ್ರೋಟೀನು ಹೊರಗೆ ಹೋಗುತ್ತಿದೆ. ಅದಕ್ಕೇ ದಿನಕ್ಕೆರಡು ಸಲ ಬಾಟಲಿ ಖಾಲಿ. ವಯಸ್ಸಾದ ಇಲಿಗಳಿಗೆ, ಅದರಲ್ಲೂ ಗಂಡಿಗೆ, ಇದು ಮಾಮೂಲಂತೆ. ಎರಡು ಮೂರು ವರ್ಷದ ಆಯಸ್ಸಿನಲ್ಲಿ ಎರಡು ಮುಗಿಸಿದವನು ಅಜ್ಜನೇ ಸರಿ. "ವಾಸಿ ಮಾಡೋಕಾಗಲ್ಲ, ಸುಖವಾಗಿ ಇಟ್ಟುಕೋಬಹುದು" ಎಂದು ಚೀಟಿ ಬರೆದರು. ಚೀಟಿಯಲ್ಲಿ ನಾಯಿ, ಬೆಕ್ಕು, ಹಸು ಎಂದಿದ್ದುದರ ಕೆಳಗೆ ಹುಡುಗನೊಬ್ಬ ಜಂಬೂವನ್ನು 'ಇತರೆ'ಗೆ ಸೇರಿಸಿದ.

ಮೊದಲ ಆಜ್ಞೆ ಪ್ರೋಟೀನು ಕಡಿಮೆ ಮಾಡುವುದು. ಇದನ್ನು ಮೈಸೂರಿನಲ್ಲಿ ಕೂತು ಕೇಳಬೇಕಾಯಿತಲ್ಲ! 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಶುರುವಾದ ನಮ್ಮ ಸಿಎಫ್‌ಟಿಆರ್‌ಐನವರು ಕಡಲೆಕಾಯಿ ಹಿಂಡಿಯ ಪ್ರೋಟೀನು ಎಷ್ಟು ಒಳ್ಳೆಯದು ಎಂದು ಅಳೆದದ್ದು ಇಂಥ ಬಿಳಿ ಇಲಿಗಳಿಗೆ ತಿನ್ನಿಸಿ, ತೂಗಿ. ಇವನ ಕುಲದವರು ದೇಶದ ಪೌಷ್ಟಿಕತೆಗಾಗಿ ತಿಂದರು. ಇವನಿಗೆ ಒಂದು ಕಡಲೆಬೀಜವೂ ಇಲ್ಲ. ಬೇಳೆ, ಮೊಟ್ಟೆ ಬಂದ್. ಅನ್ನ, ಬೇಯಿಸಿದ ಸೋರೆಕಾಯಿ, ಉಪ್ಪು ಸೋಕದ್ದು.

ಅದೇ ತಿಂಗಳು ಮಾವನವರ ರಕ್ತಪರೀಕ್ಷೆಯೂ ಬಂತು. ಕ್ರಿಯಾಟಿನಿನ್ 1.6. ಬೇಳೆ ಕಡಿಮೆ, ಉಪ್ಪು ಕಡಿಮೆ. ಒಂದೇ ಕುಕ್ಕರಿನಲ್ಲಿ ಇಬ್ಬರಿಗೂ ಅಡುಗೆಯಾಗತೊಡಗಿತು. ಮಾವ ಮೊದಲ ದಿನ ತಟ್ಟೆ ನೋಡಿ, "ಇದು ನನ್ನದೋ ಅವನದೋ?" ಎಂದರು. ಮೂರನೆಯ ದಿನ ತಮ್ಮ ಸೋರೆಕಾಯಿಯ ಒಂದು ಹೋಳನ್ನು ಬೆರಳಲ್ಲಿ ಹಿಡಿದು ಗೂಡಿನ ಹತ್ತಿರ ಹೋದದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂಬಂತೆ ಇದ್ದೆ.

ಖಜಾನೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ ಸುಮ್ಮನಿದ್ದೀತೆ? ಒಂದು ಲಾಂಗ್‌ಬುಕ್ ತಂದು ಗೆರೆ ಎಳೆದರು. ಎಡಕ್ಕೆ ಜಮಾ: ಕುಡಿದ ನೀರು. ಬಲಕ್ಕೆ ಖರ್ಚು: ಗೂಡಿನ ತಳಕ್ಕೆ ಹಾಸಿದ ಪೇಪರನ್ನು ಒಣಗಿದ್ದಾಗ ಒಮ್ಮೆ, ನೆಂದ ಮೇಲೊಮ್ಮೆ ತೂಗಿ ಕಳೆದದ್ದು. ತೂಗಿದ್ದು ನನ್ನ ಅಡುಗೆಮನೆಯ ತಕ್ಕಡಿಯಲ್ಲಿ. ಆ ತಕ್ಕಡಿಯನ್ನು ಅವರಿಗೇ ದಾನ ಕೊಟ್ಟು ನಾನು ಬೇರೆ ಕೊಂಡೆ. ಹಬ್ಬದ ಹೋಳಿಗೆಗೆ ಬೆಲ್ಲ ತೂಗುವಾಗ ಅನುಮಾನ ಇರಬಾರದು.

ಸುದ್ದಿ ಹರಡಿ ಬೀದಿಯವರು ವಿಚಾರಿಸಿಕೊಳ್ಳಲು ಬಂದರು. ನಮ್ಮ ಜನಕ್ಕೆ ಕಿಡ್ನಿ ಎಂದರೆ ಕಲ್ಲು, ಕಲ್ಲು ಎಂದರೆ ಬಾಳೆದಿಂಡು. ಒಂದೇ ವಾರದಲ್ಲಿ ಏಳು ಬಾಳೆದಿಂಡು ಬಂದವು. ಹುರುಳಿ ಸಾರು ಕುಡಿಸಿ ಎಂದರು ಒಬ್ಬರು. ಇನ್ನೊಬ್ಬರು ಎಳನೀರು ತಂದರು. ಸೋತ ಕಿಡ್ನಿಗೆ ಅದರ ಪೊಟ್ಯಾಸಿಯಂ ಆಗದು ಎಂದು ಹೇಳಿ ನಾನೇ ಕುಡಿದೆ. ಮೂಲೆಮನೆಯಾಕೆ, "ಒಂದ್ಸಲ ವಾಂತಿ ಮಾಡಿಸಿ, ಎಲ್ಲಾ ಸರಿಹೋಗುತ್ತೆ" ಎಂದರು. ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ ಎಂದರೆ, ಬೈದ ಹಾಗೆ ಮುಖ ಮಾಡಿಕೊಂಡು ಹೋದರು. ಜೆಎಸ್‌ಎಸ್ ಮೆಡಿಕಲ್ ಕಾಲೇಜು ಇರುವ ಬಡಾವಣೆಯಲ್ಲಿ ಪ್ರತಿ ಮನೆಯಲ್ಲೂ ಅರ್ಧ ಡಾಕ್ಟರು ಇರುತ್ತಾರೆ.

ನನ್ನ ಪಾಪ ಬೇರೆಯೇ ಇತ್ತು. ಎರಡು ಚಳಿಗಾಲ ಅವನಿಗೆ ಕೊಡಗಿನ ಕಿತ್ತಳೆಯನ್ನು ಸಿಪ್ಪೆ ಸಮೇತ ಕೊಟ್ಟಿದ್ದೆ. ಆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಹೆಚ್ಚಾದರೆ ಗಂಡಿಲಿಯ ಕಿಡ್ನಿಗೆ ಕೆಡುಕಂತೆ. ಗಂಡಿಲಿಗೆ ಮಾತ್ರ, ಹೆಣ್ಣಿಲಿಗೂ ಮನುಷ್ಯರಿಗೂ ಆ ತೊಂದರೆ ಇಲ್ಲ, ಅದಕ್ಕೆ ಕಾರಣವಾದ ಪ್ರೋಟೀನು ಗಂಡಿಲಿಯ ಮೈಯಲ್ಲಷ್ಟೇ ಇರುವುದು. ಇದನ್ನು ಓದಿ ಹೇಳಿದಾಗ ನಮ್ಮವರು ತಮ್ಮ ತಟ್ಟೆಯಲ್ಲಿದ್ದ ಕಿತ್ತಳೆಯನ್ನು ಮೆಲ್ಲಗೆ ಆಚೆ ಸರಿಸಿದರು.

ಬರಬರುತ್ತಾ ಚರ್ಮದಡಿಗೆ ಸಲೈನ್ ಕೊಡಬೇಕಾಯಿತು. ದಿನಕ್ಕೊಮ್ಮೆ 10 ಎಂ.ಎಲ್. ಡಾಕ್ಟರು ಕಲಿಸಿಕೊಟ್ಟರು: ಬಾಟಲಿಯನ್ನು ಉಗುರುಬೆಚ್ಚಗೆ ಮಾಡು, ಕುತ್ತಿಗೆಯ ಹಿಂದಿನ ಚರ್ಮ ಎತ್ತು, ಗುಡಾರದಂತಾದ ಜಾಗಕ್ಕೆ ಸೂಜಿ ಹಾಕು. ಮೊದಲ ದಿನ ನಾನು ಚುಚ್ಚಿದೆ, ಸೂಜಿ ಆ ಬದಿಯಿಂದ ಹೊರಬಂದು ನಮ್ಮವರ ಬನಿಯನ್ನು ನೆನೆಸಿತು. ಎರಡನೆಯ ದಿನ ಸರಿಹೋಯಿತು. ಒಳಗೆ ನಿಂತ ನೀರು ಬೆನ್ನ ಮೇಲೆ ಗುಬುಟಾಗಿ ಉಬ್ಬಿತು. ಕೆಳಗಿಳಿಸಿದರೆ, ಅದನ್ನು ಹೊತ್ತುಕೊಂಡು ಅತ್ತಿತ್ತ ಓಲಾಡುತ್ತಾ, ಗಂಭೀರವಾಗಿ, ಒಂದೊಂದೇ ಹೆಜ್ಜೆ ಇಡುತ್ತಾ ನಡೆದ. ಮಾವ ಕನ್ನಡಕ ಸರಿಮಾಡಿಕೊಂಡು, "ಅಂಬಾರಿ!" ಎಂದರು. ದಸರಾ ಆನೆ ಅಭಿಮನ್ಯುವಿನ ಮೇಲೆ 750 ಕಿಲೋ, ನಮ್ಮವನ ಮೇಲೆ 10 ಎಂ.ಎಲ್. ಅಂದಿನಿಂದ ಸಂಜೆ ಆರಕ್ಕೆ ಮನೆಯಲ್ಲಿ ಜಂಬೂ ಸವಾರಿ. ಸೋಫಾದಿಂದ ಟಿ.ವಿ. ಸ್ಟ್ಯಾಂಡಿನವರೆಗೆ ಮೆರವಣಿಗೆ, ಅಷ್ಟರಲ್ಲಿ ಅಂಬಾರಿ ಕರಗಲು ಶುರು.

ವಿಜಯದಶಮಿಯ ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು. ನೆಂಟರೆಲ್ಲ ಪಾಸು ಹಿಡಿದು ಓಡಿದರು. ಸಿಡಿಮದ್ದಿಗೆ ನಮ್ಮ ಕಿಟಕಿ ಗಾಜೂ ನಡುಗುತ್ತದೆ. ನಮಗೆ ಕೇಳದ ಸ್ವರವನ್ನೂ ಕೇಳುವ ಇಲಿಯ ಕಿವಿಯ ಗತಿ ಏನು? ಮಾವ ಅವನನ್ನು ತಮ್ಮ ಮಂಕಿ ಕ್ಯಾಪಿನೊಳಗೆ ಇಳಿಬಿಟ್ಟು, ಕ್ಯಾಪನ್ನು ಮಡಿಲಲ್ಲಿಟ್ಟುಕೊಂಡು, ಪಂಜಿನ ಕವಾಯತನ್ನು ಮನೆಯಲ್ಲೇ ಟಿ.ವಿ.ಯಲ್ಲಿ, ಸದ್ದಿಲ್ಲದೆ ನೋಡಿದರು. ಬನ್ನಿ ಹಂಚಲು ಬಂದ ಮಕ್ಕಳು ಜಂಬೂವಿಗೂ ಒಂದು ಎಲೆ ಕೊಟ್ಟರು. ಅವನು ಬಂಗಾರವನ್ನು ಮೂಸಿ ನೋಡಿ ಬಿಟ್ಟ.

ದೀಪಾವಳಿಗೆ ನಾಲ್ಕು ದಿನ ಇದ್ದಾಗ ಹೋದ. ಲಾಂಗ್‌ಬುಕ್ಕಿನಲ್ಲಿ ಆ ದಿನದ ಜಮಾ 6 ಎಂ.ಎಲ್., ಖರ್ಚಿನ ಕಡೆ ಖಾಲಿ. ಮಾವ ಖಜಾನೆಯ ಪದ್ಧತಿಯಂತೆ ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದರು. ಅವರ ಕ್ರಿಯಾಟಿನಿನ್ ಈಗ 1.4.

ಮೊನ್ನೆ ರಾತ್ರಿ ಯಾವುದೋ ಬೀದಿ ಇಲಿ ಅಡುಗೆಮನೆಗೆ ನುಗ್ಗಿ ಅಕ್ಕಿ ಚೀಲ ಕಡಿದಿದೆ. ಬೋನು ಇಳಿಸಲೇ ಎಂದು ಕೇಳಿದೆ. "ಮೊದಲು ನೀರು ಜಾಸ್ತಿ ಕುಡೀತಿದೆಯಾ ನೋಡು" ಎಂದರು ಮಾವ. ಅಕ್ಕಿಯನ್ನು ಸ್ಟೀಲ್ ಡಬ್ಬಕ್ಕೆ ಸುರಿದಿದ್ದೇನೆ. ಬೋನು ಅಟ್ಟದ ಮೇಲೇ ಇದೆ, ಟವಲು ಅದರೊಳಗೇ ಇದೆ.